ನೈರೋಬಿಯ ಗ್ರೀಕರ ಕರವಸ್ತ್ರ

ಲ್ಯಾವಿಂಗ್ಟನ್, ಮೊದಲ ವಾರ

ನೈರೋಬಿಗೆ ಹೋದವರೆಲ್ಲ ಸಿಂಹ ನೋಡಿ ಬರುತ್ತಾರೆ. ನಾನೂ ನೋಡಿದೆ. ಅದು ಮಲಗಿತ್ತು. ಅರ್ಧ ಗಂಟೆ ಕಾದರೂ ಬಾಲದ ತುದಿಯೊಂದನ್ನು ಬಿಟ್ಟು ಏನನ್ನೂ ಅಲ್ಲಾಡಿಸಲಿಲ್ಲ. ಸಿಂಹದ ವಿಷಯ ಅಷ್ಟೇ. ನಾನು ಹೇಳಬೇಕೆಂದಿರುವುದು ಒಂದು ಬಿಳಿ ಕರವಸ್ತ್ರದ ಬಗ್ಗೆ, ಅದರ ಎರಡು ತುದಿ ಹಿಡಿದ ಇಬ್ಬರು ಮುದುಕರ ಬಗ್ಗೆ. ಇಬ್ಬರೂ ಗ್ರೀಕರು, ಇಬ್ಬರೂ ಹುಟ್ಟಿದ್ದು ಪೂರ್ವ ಆಫ್ರಿಕಾದಲ್ಲಿ. ಅವರಲ್ಲೊಬ್ಬರು ಬಿದ್ದದ್ದನ್ನು ನಾನು ತೀರ ಹತ್ತಿರದಿಂದ ನೋಡಿದೆ. ಊರಿಗೆ ಮರಳಿ ಎರಡು ತಿಂಗಳಾದರೂ ಆ ಸದ್ದು ಆಗಾಗ ಕಿವಿಗೆ ಬರುತ್ತದೆ. ಆದ್ದರಿಂದ ನಿಧಾನವಾಗಿ, ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಮೈಸೂರಿನ ನ್ಯಾಯಾಲಯದಲ್ಲಿ ನಾನು ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದೆ. ಸಾಕ್ಷಿಗಳು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ನೀನೇನು ನೋಡಿದೆ ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ನಿವೃತ್ತಿಯಾದ ಮೇಲೆ, ನೈರೋಬಿಯಲ್ಲಿ ಹದಿನೆಂಟು ವರ್ಷದಿಂದ ವೈದ್ಯೆಯಾಗಿರುವ ತಂಗಿ ಸುಮಾಳ ಒತ್ತಾಯಕ್ಕೆ ಲ್ಯಾವಿಂಗ್ಟನ್ ಬಡಾವಣೆಯ ಅವಳ ಮನೆಯಲ್ಲಿ ನಾಲ್ಕು ವಾರ ಇರಲು ಹೋದೆ. ಆಫ್ರಿಕಾ ಎಂದರೆ ಬಿಸಿಲು ಎಂದು ನಂಬಿ ಎಂಟು ಹತ್ತಿ ಸೀರೆ ಒಯ್ದು, ಸ್ವೆಟರನ್ನು ಬೀರುವಿನಲ್ಲೇ ಬಿಟ್ಟಿದ್ದೆ. ಊರು ಚಾಮುಂಡಿ ಬೆಟ್ಟದ ನೆತ್ತಿಗಿಂತ ಎತ್ತರದಲ್ಲಿದೆ; ಜುಲೈ ಅಲ್ಲಿ ಚಳಿಗಾಲ. ಮೊದಲ ವಾರವೆಲ್ಲ ಸೀರೆಯ ಮೇಲೆ ತಂಗಿಯ ಗಂಡನ ಸ್ವೆಟರು ತೊಟ್ಟು ಕಾಂಪೌಂಡಿನೊಳಗೆ ತಿರುಗಾಡಿದೆ. ಗೇಟಿನ ಕಾವಲುಗಾರ ದಿನಾ ನನ್ನನ್ನು ನೋಡಿ "ಪೋಲೆ, ಮಾಮಾ" ಅನ್ನುತ್ತಿದ್ದ. ಪಾಪ, ಅಮ್ಮಾ ಎಂದು ಅರ್ಥವಂತೆ.

ಶುಕ್ರವಾರ ಊಟದ ಹೊತ್ತಿಗೆ ಸುಮಾ, "ಅಕ್ಕಾ, ನಾಳೆ ಮಧ್ಯಾಹ್ನ ನಂಗೆ ಡ್ಯಾನ್ಸ್ ಪ್ರಾಕ್ಟೀಸ್ ಇದೆ, ನೀನೂ ಬಾ" ಅಂದಳು.

"ನಿನಗಾ? ಯಾವ ಡ್ಯಾನ್ಸು?"

"ಗ್ರೀಕ್."

ನಾನು ಅನ್ನ ಕಲಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದೆ. ಹದಿನೈದರ ಮಗಳು ಅದಿತಿ ತಟ್ಟೆಯಿಂದ ತಲೆ ಎತ್ತದೆ, "ಶಿ ಈಸ್ ಟೆರಿಬಲ್, ದೊಡ್ಡಮ್ಮ. ಯು ಹ್ಯಾವ್ ಟು ಸೀ ಇಟ್" ಅಂದಳು.

ಪಕ್ಕದ ಮನೆಯ ಎಲೇನಿ ಅರವತ್ತೆಂಟರ ಹೆಂಗಸು, ಗ್ರೀಕ್ ಜಾನಪದ ನೃತ್ಯ ಮತ್ತು ಪರಂಪರೆಯ ಸಂಘವೊಂದರ ಅಧ್ಯಕ್ಷೆ. ಅಜ್ಜಂದಿರ ಕಾಲದಲ್ಲಿ ಕತ್ತಾಳೆ ತೋಟ, ಕಾಫಿ ತೋಟ ಮಾಡಲು ಬಂದ ಕುಟುಂಬಗಳು ಕಟ್ಟಿದ ಸಂಘ ಅದು. ಈಗ ಆ ಕುಟುಂಬಗಳಲ್ಲಿ ಉಳಿದವರು ಕಡಿಮೆ. ಸಾಲು ತುಂಬಬೇಕಲ್ಲ? ಎಲೇನಿ ಬೇಲಿಯಾಚೆಯಿಂದ ಕರೆದಳು, ನಮ್ಮ ಸುಮಾ ಹೋದಳು.

ಹಾಲ್, ಮೊದಲ ಶನಿವಾರ

ಅಭ್ಯಾಸ ನಡೆಯುವುದು ಶಾಲೆಯೊಂದರ ಹಾಲ್‌ನಲ್ಲಿ. ಬಾಗಿಲಲ್ಲೇ ಎಲೇನಿ ಒಂದು ಬೆತ್ತದ ಬುಟ್ಟಿ ಹಿಡಿದು ನಿಂತಿದ್ದಳು. ದೇವಸ್ಥಾನದಲ್ಲಿ ಚಪ್ಪಲಿ ಬಿಡುವ ಹಾಗೆ ಎಲ್ಲರೂ ಫೋನನ್ನು ಅದರೊಳಗೆ ಇಟ್ಟು ಒಳಗೆ ಹೋಗಬೇಕು. "ಫೋನ್ ಕೈಗೆ ಬಂದರೆ ಕಾಲು ಮರೆತುಹೋಗುತ್ತದೆ," ಅಂದಳು ನನಗೆ. ನನ್ನ ಫೋನೂ ಬುಟ್ಟಿಗೆ ಹೋಯಿತು.

ಒಳಗೆ ಇಪ್ಪತ್ತು ಜನ. ಅರ್ಧಕ್ಕಿಂತ ಹೆಚ್ಚು ಮಂದಿ ಗ್ರೀಕರಲ್ಲ. ಗುಜರಾತಿ ದಂತವೈದ್ಯರೊಬ್ಬರಿದ್ದರು. ಗಣಿತದ ಮೇಷ್ಟರು ಕಮಾವು ಇದ್ದರು. ಎಂಟು ವರ್ಷದಿಂದ ಕುಣಿಯುತ್ತಿರುವ ಅವರ ಹೆಜ್ಜೆ ಗ್ರೀಕರ ಹೆಜ್ಜೆಗಿಂತ ಚೆನ್ನ ಎಂದು ಗ್ರೀಕರೇ ಹೇಳುತ್ತಿದ್ದರು. ಇದ್ದ ಒಂದೇ ಹೀಟರಿನ ಪಕ್ಕ ನನಗೊಂದು ಕುರ್ಚಿ ಹಾಕಿದರು. ಬೆರಳುದ್ದದ ಕಪ್ಪಿನಲ್ಲಿ ಕಾಫಿ ಬಂತು. ನಮ್ಮ ಫಿಲ್ಟರ್ ಕಾಫಿಯ ಅಭ್ಯಾಸದಲ್ಲಿ ಕೊನೆಯ ಹನಿಯವರೆಗೂ ಎತ್ತಿ ಕುಡಿದೆ. ಬಾಯಿ ತುಂಬ ಗಸಿ. ಕಾಫಿ ತಂದುಕೊಟ್ಟ ದಪ್ಪ ಮೀಸೆಯ ಮುದುಕ ನನ್ನ ಮುಖ ನೋಡಿ, "ಕೆಳಗಿನದು ಭವಿಷ್ಯ ನೋಡೋಕೆ, ತಿನ್ನೋಕಲ್ಲ" ಎಂದು ನಕ್ಕು, ಇನ್ನೊಂದು ಕಪ್ಪು ಸುರಿಯಲು ಬಂದ. ಬಾಯಲ್ಲಿ ಗಸಿ ಇದ್ದದ್ದರಿಂದ ಮಾತಾಡಲಾಗದೆ, ಸಾಕು ಎಂದು ಅವನ ಮುಖಕ್ಕೆ ಅಂಗೈ ಬಿಡಿಸಿ ಹಿಡಿದೆ.

ಸುಮಾ ಓಡಿ ಬಂದು ನನ್ನ ಕೈ ಕೆಳಗಿಳಿಸಿದಳು. "ಅಕ್ಕಾ! ಐದು ಬೆರಳು ಬಿಡಿಸಿ ತೋರಿಸ್ಬಾರ್ದು ಇವ್ರಿಗೆ. ಬೈಗುಳ ಅದು. ಕೆಟ್ಟ ಬೈಗುಳ."

ನಮ್ಮಲ್ಲಿ ದೇವರು ಅಭಯ ಕೊಡುವುದು ಅದೇ ಕೈಯಿಂದ ಎಂದು ನಾನು ತೊದಲಿದೆ. ಮೀಸೆಯ ಮುದುಕ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಗಾದರೆ ನಾನು ದಿನಾ ರಸ್ತೆಯಲ್ಲಿ ಮಟಾಟು ವ್ಯಾನಿನ ಡ್ರೈವರುಗಳಿಗೆಲ್ಲ ಆಶೀರ್ವಾದ ಮಾಡುತ್ತಿದ್ದೇನೆ!"

ಅವರೇ ಮನೋಲಿಸ್. ಎಪ್ಪತ್ತು ವರ್ಷ, ಕೈಗಾರಿಕಾ ಪ್ರದೇಶದಲ್ಲಿ ಲಾರಿ ರಿಪೇರಿಯ ವರ್ಕ್‌ಶಾಪು. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಬೈದವಳನ್ನೇ ಅವರು ಅಂದಿನಿಂದ ಸ್ನೇಹಿತೆ ಮಾಡಿಕೊಂಡರು.

ಸಾಲಿನ ಮೊದಲನೆಯವರು ಸ್ಟೆಲಿಯೋಸ್. ಎಪ್ಪತ್ತೆರಡು, ನೆಟ್ಟಗಿನ ಬೆನ್ನು, ಮಾತು ಕಡಿಮೆ. ಎಲ್ಲರಿಗೂ ಕುಣಿತ ಕಲಿಸಿದವರು ಅವರು. ಕಿರಿಯರು ಅವರನ್ನು ಬಾರ್ಬಾ ಅನ್ನುತ್ತಿದ್ದರು. ನಮ್ಮಲ್ಲಿ ದೊಡ್ಡಪ್ಪ ಅಂದ ಹಾಗೆ. ಎರಡನೆಯವರು ಮನೋಲಿಸ್. ಉಳಿದವರು ಕೈಕೈ ಹಿಡಿದು ಅವರ ಹಿಂದೆ ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತಾರೆ. ಆದರೆ ಮೊದಲಿನ ಇಬ್ಬರ ನಡುವೆ ಮಾತ್ರ ಒಂದು ಕರವಸ್ತ್ರ. ಒಂದು ತುದಿ ಮೊದಲನೆಯವನ ಎಡಗೈಯಲ್ಲಿ, ಇನ್ನೊಂದು ಎರಡನೆಯವನ ಬಲಗೈಯಲ್ಲಿ. ತ್ಸಾಮಿಕೋ ಎಂಬ ಕುಣಿತದಲ್ಲಿ ಮೊದಲನೆಯವನು ಆ ಬಟ್ಟೆಯ ಮೇಲೆ ಮೈಭಾರ ಬಿಟ್ಟು, ಒಂದು ಕಾಲೆತ್ತಿ ಹಿಮ್ಮಡಿ ತಟ್ಟಿ, ಬೆನ್ನು ನೆಲಕ್ಕೆ ಸಮವಾಗುವಷ್ಟು ಹಿಂದಕ್ಕೆ ವಾಲುತ್ತಾನೆ. ಎರಡನೆಯವನು ಅಲುಗಾಡದೆ ಹಿಡಿದಿರಬೇಕು.

"ಅವನು ಬಾವುಟ, ನಾನು ಕಂಬ," ಅಂದರು ಮನೋಲಿಸ್. "ಬಾವುಟವನ್ನು ಎಲ್ಲರೂ ನೋಡುತ್ತಾರೆ. ಕಂಬವನ್ನು ಬಿದ್ದಾಗ ಮಾತ್ರ."

"ಯಾವತ್ತಾದರೂ ಬಿದ್ದಿದ್ದಾರಾ?"

"ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ. ಬಿದ್ದರೆ ಎರಡನೆಯವನ ತಪ್ಪು. ಅದು ನಮ್ಮ ಸಂಘದ ನಿಯಮ. ಮೊದಲನೆಯವನನ್ನು ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. ಕೇಳಿದರೆ ಅವನು ಮತ್ತೆ ವಾಲುವುದಿಲ್ಲ."

ನಮ್ಮ ಕೋಲಾಟದಲ್ಲಿ ಕೋಲು ತಪ್ಪಿದರೆ ಬೆರಳಿಗೆ ಏಟು, ಅಷ್ಟೇ. ಅವರವರ ಕೋಲು, ಅವರವರ ಬೆರಳು. ಒಬ್ಬನ ಇಡೀ ಮೈಯನ್ನು ಇನ್ನೊಬ್ಬನ ಮುಷ್ಟಿಗೆ ಕೊಡುವ ಕುಣಿತವನ್ನು ನಾನು ನೋಡಿದ್ದು ಅಲ್ಲೇ ಮೊದಲು.

ಹಾಲ್, ಎರಡನೆಯ ಶನಿವಾರ

ಸಂಘದ ವಾರ್ಷಿಕ ಹಬ್ಬಕ್ಕೆ ಎಂಟು ದಿನ ಉಳಿದಿತ್ತು. ನಾನು ಅದೇ ಹೀಟರಿನ ಪಕ್ಕ ಕುಳಿತಿದ್ದೆ. ಸಾಲಿನ ತಲೆ ನನ್ನಿಂದ ಮೂರು ಮಾರು ದೂರ, ನೇರ ಎದುರಿಗೆ. ಎಲೇನಿ ನಮಗೆ ಬೆನ್ನು ಹಾಕಿ ಸ್ಪೀಕರಿನ ಸದ್ದು ಸರಿಮಾಡುತ್ತಿದ್ದಳು. ಮೂರನೆಯವರಾಗಿ ನಿಂತಿದ್ದ ಕಮಾವು ಅವರಿಗೆ ಮನೋಲಿಸರ ಅಗಲವಾದ ಬೆನ್ನು ಅಡ್ಡ. ಉಳಿದವರು ಅವರವರ ಕಾಲು ನೋಡಿಕೊಂಡು ಎಣಿಸುತ್ತಿದ್ದರು.

ಸ್ಟೆಲಿಯೋಸ್ ಎರಡು ಸಲ ವಾಲಿ ಎದ್ದರು. ಮೂರನೆಯ ಸಲ ಬಲಗಾಲೆತ್ತಿ, ಹಿಮ್ಮಡಿ ತಟ್ಟಿ, ಹಿಂದಕ್ಕೆ ಬಾಗಿದರು. ಕರವಸ್ತ್ರ ಬಿಗಿದು ಗೆರೆಯಂತಾಯಿತು. ಆಗ ಅವರ ಎಡಗೈಯ ಕಿರುಬೆರಳು ಬಿಚ್ಚಿಕೊಂಡಿತು. ಅದರ ಹಿಂದೆಯೇ ಉಂಗುರದ ಬೆರಳು. ಬಟ್ಟೆ ಉಳಿದ ಬೆರಳುಗಳ ನಡುವಿನಿಂದ ಜಾರಿತು. ಸ್ಟೆಲಿಯೋಸ್ ಬಲಗೈ ಊರಿ ಬಿದ್ದರು. ತಲೆ ಮರದ ಬೆಂಚಿನ ಅಂಚಿಗೆ ತಾಗಿತು. ಎಳನೀರಿಗೆ ಮಚ್ಚಿನ ಮೊದಲ ಏಟು ಬಿದ್ದಾಗ ಬರುವ ಸದ್ದು.

ಕರವಸ್ತ್ರ ಮನೋಲಿಸರ ಮುಷ್ಟಿಯಲ್ಲಿ ನೇತಾಡುತ್ತಿತ್ತು.

ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಅವರು ಮೊಣಕಾಲೂರಿ ಕುಳಿತು ಅದನ್ನೇ ಸ್ಟೆಲಿಯೋಸರ ಕಿವಿಯ ಮೇಲಿನ ಗಾಯಕ್ಕೆ ಒತ್ತಿ ಹಿಡಿದರು. ಎಲ್ಲರೂ ತಿರುಗಿ ನೋಡುವ ಹೊತ್ತಿಗೆ ಬಿಳಿ ಬಟ್ಟೆ ಕೆಂಪಾಗಿ ಗಾಯದ ಮೇಲಿತ್ತು. ಅದು ಯಾರ ಕೈಯಿಂದ ಬಂತು ಎಂದು ಯೋಚಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಸ್ಟೆಲಿಯೋಸ್ ಕಣ್ಣು ಬಿಟ್ಟು ಗ್ರೀಕಿನಲ್ಲಿ ಏನೋ ಅಂದರು. ಮನೋಲಿಸರ ಮುಖದ ಬಣ್ಣ ಹೋಯಿತು. ಅದರ ಅರ್ಥ ಎಲೇನಿ ಆಮೇಲೆ ಹೇಳಿದಳು: "ಮನೋಲಿ, ಏನು ಮಾಡಿಬಿಟ್ಟೆ?"

ಸುಮಾ ಅವರ ಬಲಗೈಗೆ ಪಟ್ಟಿ ಕಟ್ಟಿ, ತಲೆ ನೋಡಿ, ಅವರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಕುರ್ಚಿಯಿಂದ ಎದ್ದಿರಲೇ ಇಲ್ಲ. ಮನೋಲಿಸ್ ಹಾಲ್‌ನ ಮಧ್ಯೆ ನಿಂತು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಲ್ಯಾವಿಂಗ್ಟನ್, ಭಾನುವಾರ ಮತ್ತು ಸೋಮವಾರ

ಮನೆಗೆ ಬಂದವಳೇ ಕಂಡದ್ದನ್ನು ಶೀಘ್ರಲಿಪಿಯಲ್ಲಿ ಬರೆದಿಟ್ಟೆ. ಭಾನುವಾರ ಬೆಳಿಗ್ಗೆ ಅದನ್ನು ನೋಡದೆ ಇನ್ನೊಮ್ಮೆ ಬರೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೆ. ಸಾಕ್ಷಿಯ ನೆನಪು ಒಂದೇ ಇರುಳಿನಲ್ಲಿ ಬದಲಾಗುವುದನ್ನು ನೂರಾರು ಸಲ ಕಂಡವಳು ನಾನು. ಬದಲಾಗಿರಲಿಲ್ಲ. ಕಿರುಬೆರಳು ಮೊದಲು, ಆಮೇಲೆ ಉಂಗುರದ ಬೆರಳು.

ಸೋಮವಾರ ಸಂಜೆ ಎಲೇನಿ ಬೇಲಿಯ ಹತ್ತಿರ ಬಂದಳು. ಸ್ಟೆಲಿಯೋಸರ ಬಲ ಮಣಿಕಟ್ಟು ಮುರಿದಿದೆ, ತಲೆಗೆ ಅಪಾಯವಿಲ್ಲ. ಮನೋಲಿಸ್ ಮಾತ್ರ ಫೋನ್ ಮಾಡಿ, ಇನ್ನು ಸಾಲಿನಲ್ಲಿ ನಿಲ್ಲುವುದಿಲ್ಲ, ಶನಿವಾರ ಬಂದು ಪೋಷಾಕು ಮತ್ತು ಹಾಲ್‌ನ ಬೀಗದಕೈ ಒಪ್ಪಿಸುತ್ತೇನೆ ಎಂದಿದ್ದರಂತೆ. "ವರ್ಕ್‌ಶಾಪಿಗೂ ಹೋಗುತ್ತಿಲ್ಲ ಅಂತ ಅವನ ಮಗ ಹೇಳಿದ. ಲಾರಿ ಜಾಕಿನ ಮೇಲಿರುವಾಗ ನನ್ನ ಕೈ ಬಿಟ್ಟರೆ ಕೆಳಗಿರುವವನ ಗತಿಯೇನು ಅನ್ನುತ್ತಾನಂತೆ."

ಅವಳು ಹೋದ ಮೇಲೆ ಸುಮಾಳನ್ನು ಅಡುಗೆಮನೆಗೆ ಕರೆದು ಹೇಳಿದೆ. "ಕೈ ಬಿಟ್ಟದ್ದು ಮನೋಲಿಸ್ ಅಲ್ಲ. ಸ್ಟೆಲಿಯೋಸ್. ನಾನು ನೋಡಿದೆ."

ಸುಮಾ ಒಲೆ ಆರಿಸಿದಳು. "ಅಕ್ಕಾ, ಪ್ಲೀಸ್. ಇದ್ರಲ್ಲಿ ಇನ್ವಾಲ್ವ್ ಆಗ್ಬೇಡ. ನೀನು ಇನ್ನು ಹತ್ತು ದಿನದಲ್ಲಿ ಫ್ಲೈಟ್ ಹತ್ತಿ ಹೋಗ್ತೀಯ. ನಾನು ಇವ್ರ ಪಕ್ಕದಲ್ಲಿ ಇರ್ಬೇಕು. ಬಾರ್ಬಾ ಸುಳ್ಳು ಹೇಳಿದ್ರು ಅಂತ ಹೇಳೋದಾ? ಅವ್ರು ಅಂದ್ರೆ ಇಲ್ಲಿ..."

"ಸುಳ್ಳು ಅಂತ ನಾನೆಲ್ಲಿ ಅಂದೆ? ಬೆರಳು ಬಿಚ್ಚಿತು ಅಂದೆ. ಕಿರುಬೆರಳು, ಆಮೇಲೆ ಅದರ ಪಕ್ಕದ್ದು."

ಅವಳು ತಟ್ಟನೆ ತಿರುಗಿದಳು. "ಕಿರುಬೆರಳಿಂದ ಶುರುವಾಯ್ತಾ? ಶ್ಯೂರಾ?"

"ಎರಡು ಸಲ ಬರೆದಿದ್ದೇನೆ."

ಸುಮಾ ತನ್ನ ಎಡಗೈ ಎತ್ತಿ ಆ ಎರಡು ಬೆರಳನ್ನು ಮಡಿಸಿ ಬಿಡಿಸಿ ನೋಡಿದಳು. ತಂಗಿ ಹೋಗಿ ಡಾಕ್ಟರು ಬಂದ ಹಾಗಾಯಿತು. "ಮೊಣಕೈ ಹತ್ರ ಒಂದು ನರ ಇದೆ ಅಕ್ಕಾ. ಅದು ಒತ್ತಿದ್ರೆ ಈ ಎರಡು ಬೆರಳೇ ಜೋಮು ಹಿಡಿಯೋದು. ಹಾಗೇ ಬಿಟ್ರೆ ಕೈ ಸೊರಗತ್ತೆ. ಕಾರು ಬೇರೆ ಓಡಿಸ್ತಾರೆ ಅವ್ರು." ಕೈ ಒರೆಸಿಕೊಂಡಳು. "ಆಯ್ತು. ಗುರುವಾರ ಹೋಗೋಣ. ಆದ್ರೆ ಮೊದ್ಲು ಅವ್ರಿಗೇ ಹೇಳ್ಬೇಕು. ಎಲ್ರ ಮುಂದೆ ಬೇಡ."

ಅದು ನ್ಯಾಯವಾದ ಮಾತು. ಒಪ್ಪಿದೆ.

ಕರೆನ್, ಗುರುವಾರ

ಸ್ಟೆಲಿಯೋಸರ ಮನೆಯಿರುವ ಕರೆನ್ ಬಡಾವಣೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳಿಸುವುದಿಲ್ಲ. ಎಲೇನಿಯೂ ಕಾರಿನಲ್ಲಿದ್ದಳು, ಸ್ಟೆಲಿಯೋಸ್ ಅವಳ ಚಿಕ್ಕಪ್ಪನ ಮಗ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಾನು ಕೋಡುಬಳೆ ಮಾಡಿ ತಂದಿದ್ದೆ. ಸ್ಟೆಲಿಯೋಸ್ ಒಂದನ್ನು ಎತ್ತಿ, ಸುತ್ತಲೂ ನೋಡಿ, ಕಚ್ಚಿ, "ಒಳ್ಳೆಯದು. ಹಲ್ಲಿಗೆ ವ್ಯಾಯಾಮ" ಅಂದರು. ಬಲಗೈ ಬ್ಯಾಂಡೇಜಿನಲ್ಲಿತ್ತು. ಎಡಗೈಯ ಕೋಡುಬಳೆ ಎರಡನೆಯ ಸಲ ಕಚ್ಚುವ ಮೊದಲೇ ಮಡಿಲಿಗೆ ಬಿತ್ತು. ಅವರು ಅದನ್ನು ಗಮನಿಸದವರಂತೆ ತಟ್ಟೆಗೆ ಹಾಕಿದರು.

ನಾನು ಶೀಘ್ರಲಿಪಿಯ ಪುಸ್ತಕ ತೆರೆದೆ. "ಶನಿವಾರ ನಾನು ನಿಮ್ಮ ಎದುರಿಗಿದ್ದೆ. ಕಂಡದ್ದನ್ನು ಬರೆದಿದ್ದೇನೆ. ಓದಲಾ? ತಪ್ಪಿದ್ದರೆ ತಿದ್ದಿ."

ಅವರು ತಟ್ಟೆಯನ್ನು ಬದಿಗೆ ಸರಿಸಿದರು. ಓದಿದೆ. ಒಂಬತ್ತು ಸಾಲು. ನಿಧಾನವಾಗಿ ಓದಿದೆ. ಕರವಸ್ತ್ರ ಮನೋಲಿಸರ ಮುಷ್ಟಿಯಲ್ಲಿ ಉಳಿದಿತ್ತು ಎಂಬಲ್ಲಿಗೆ ಎಲೇನಿ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು.

"ನೀವು ಬಂದು ಮೂರು ವಾರ," ಅಂದರು ಸ್ಟೆಲಿಯೋಸ್. "ನಾನು ಐವತ್ತು ವರ್ಷದಿಂದ ಕುಣಿಯುತ್ತಿದ್ದೇನೆ."

"ಹೌದು. ಕುಣಿತ ನನಗೆ ತಿಳಿಯದು. ಅದಕ್ಕೇ ಕೈ ನೋಡುತ್ತಿದ್ದೆ."

ಸುಮಾ ನನ್ನ ಪುಸ್ತಕದಿಂದ ಒಂದು ಖಾಲಿ ಹಾಳೆ ಹರಿದಳು. ಅದನ್ನು ಅವರ ಎಡಗೈಯ ಹೆಬ್ಬೆರಳಿಗೂ ತೋರುಬೆರಳ ಬದಿಗೂ ನಡುವೆ ಇಟ್ಟು, "ಗಟ್ಟಿಯಾಗಿ ಹಿಡ್ಕೊಳ್ಳಿ ಬಾರ್ಬಾ, ನಾನು ಎಳೀತೀನಿ" ಅಂದಳು. ಎಳೆದಳು. ಹಾಳೆ ಮೇಜಿನ ಮೇಲಿಂದ ಎತ್ತಿಕೊಂಡಷ್ಟು ಸಲೀಸಾಗಿ ಬಂತು. ಇನ್ನೊಮ್ಮೆ. ಮತ್ತೆ ಬಂತು.

"ಯಾವಾಗಿನಿಂದ?" ಎಲೇನಿ ಕೇಳಿದಳು.

"ಕ್ರಿಸ್ಮಸ್."

"ಏಳು ತಿಂಗಳು! ಆ ಕೈಯಲ್ಲಿ ವಾಲುತ್ತಿದ್ದೆಯಾ?"

"ಹಿಡಿದಿದ್ದೇನೆ ಅಂದುಕೊಂಡೆ." ಅವರು ತಮ್ಮ ಕೈಯನ್ನು ಬೇರೆ ಯಾರದೋ ವಸ್ತುವೆಂಬಂತೆ ತೊಡೆಯ ಮೇಲೆ ಇಟ್ಟುಕೊಂಡರು. "ನೆಲದ ಮೇಲೆ ಬಿದ್ದಾಗಲೂ ಹಾಗೇ ಅಂದುಕೊಂಡೆ. ಆಸ್ಪತ್ರೆಯಲ್ಲಿ ಮಾತ್ರ ಅನುಮಾನ ಬಂತು. ಆಗ ಫೋನ್ ಮಾಡಬಹುದಿತ್ತು." ಆಮೇಲೆ ನನ್ನ ಪುಸ್ತಕದ ಕಡೆಗೆ ಗದ್ದ ಎತ್ತಿ ತೋರಿಸಿದರು. "ಅದರಲ್ಲಿ ತಿದ್ದುವುದು ಏನೂ ಇಲ್ಲ."

ಓದಿ ಕೇಳಲಾಗಿ ಸರಿಯೆಂದು ಒಪ್ಪಿದ್ದಾರೆ ಎಂದು ನಾನು ಮೂವತ್ತೊಂದು ವರ್ಷ ಪ್ರತಿ ಹೇಳಿಕೆಯ ಕೆಳಗೆ ಬೆರಳಚ್ಚಿಸಿದ್ದೇನೆ. ಆ ಮಾತಿಗೆ ಇಷ್ಟು ತೂಕವಿದೆ ಎಂದು ಆ ಮಧ್ಯಾಹ್ನದವರೆಗೆ ತಿಳಿದಿರಲಿಲ್ಲ.

"ಮನೋಲಿಗೆ ನಾನು ಹೇಳಲಾ, ನೀನು ಹೇಳುತ್ತೀಯಾ?" ಎಂದಳು ಎಲೇನಿ. ಸ್ಟೆಲಿಯೋಸ್ ಎದ್ದು ನಿಂತರು. ಗೇಟಿನವರೆಗೂ ನಮ್ಮನ್ನು ಬಿಡಲು ಬಂದರು, ಉತ್ತರ ಕೊಡಲಿಲ್ಲ.

ಹಾಲ್, ಮೂರನೆಯ ಶನಿವಾರ

ಮನೋಲಿಸ್ ಎಲ್ಲರಿಗಿಂತ ಮೊದಲೇ ಬಂದಿದ್ದರು. ಬಿಳಿ ಮಡಿಕೆಯ ಪೋಷಾಕನ್ನು ಇಸ್ತ್ರಿ ಮಾಡಿಸಿ ತಂದು ಮೇಜಿನ ಮೇಲಿಟ್ಟು, ಅದರ ಮೇಲೆ ಬೀಗದಕೈ ಇಟ್ಟಿದ್ದರು. ನನಗೆ ಕಾಫಿ ತಂದುಕೊಟ್ಟರು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಸುಮಾ ನನ್ನ ಕಡೆ ನೋಡಿದಳು. ಕೊಟ್ಟ ಮಾತು. ಮುಚ್ಚಿಕೊಂಡೆ.

ಸ್ಟೆಲಿಯೋಸ್ ಬಂದಾಗ ಮೂರು ದಾಟಿತ್ತು. ಬಾಗಿಲಲ್ಲೇ ನಿಂತು, ಕೊರಳಿಗೆ ತೂಗುಹಾಕಿದ ಬಲಗೈಯೊಂದಿಗೆ, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಅಂದರು: "ಕೈ ಬಿಟ್ಟದ್ದು ನಾನು. ಮನೋಲಿ ಹಿಡಿದೇ ಇದ್ದ. ನನ್ನ ಬೆರಳು ಏಳು ತಿಂಗಳಿಂದ ಸರಿಯಿಲ್ಲ, ಯಾರಿಗೂ ಹೇಳಿರಲಿಲ್ಲ. ಬಿದ್ದು ಅವನ ಹೆಸರು ಕೂಗಿದೆ. ತಪ್ಪು."

ಮನೋಲಿಸ್ ಸಂತೋಷಪಡುತ್ತಾರೆ ಎಂದು ನಾನು ಭಾವಿಸಿದ್ದೆ. ಅದೊಂದೇ ನಾನು ಸರಿಯಾಗಿ ಊಹಿಸದೆ ಹೋದದ್ದು. ಅವರ ಕುತ್ತಿಗೆ ಕೆಂಪಾಯಿತು.

"ಏಳು ದಿನ!" ಎಂದು ಕೂಗಿದರು. "ಏಳು ದಿನ ನಾನು ಚಹಾ ಕಪ್ಪನ್ನು ಎರಡು ಕೈಯಲ್ಲಿ ಹಿಡಿದಿದ್ದೇನೆ, ಕತ್ತೆ! ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ! ನಿನಗೆ ಯಾವಾಗ ಗೊತ್ತಾಯಿತು?"

"ಆಸ್ಪತ್ರೆಯಲ್ಲಿ. ಅನುಮಾನ."

"ಶನಿವಾರವೇ?"

"ಶನಿವಾರ ಸಂಜೆ."

ಮನೋಲಿಸ್ ಬೀಗದಕೈ ಎತ್ತಿ ಜೇಬಿಗೆ ಹಾಕಿಕೊಂಡರು. ನಂತರ ಎಲೇನಿಯ ಕಡೆ ತಿರುಗಿದರು. "ನಿನ್ನ ನಿಯಮದ ಪುಸ್ತಕ ತೆಗಿ. ಬರೆದುಕೋ. ಇನ್ನು ಮೇಲೆ ಯಾರು ಬಿದ್ದರೂ ಇಬ್ಬರನ್ನೂ ಕೇಳಬೇಕು. ಮೊದಲನೆಯವನನ್ನು ಮೊದಲು."

ಎಲೇನಿ ನಿಜವಾಗಿಯೂ ಪುಸ್ತಕ ತೆಗೆದು ಬರೆದಳು. ಬರೆಯುತ್ತಲೇ, ತಲೆ ಎತ್ತದೆ, "ನಾಳೆ ಹಬ್ಬ. ಸಾಲು ಮುನ್ನಡೆಸುವವರು ಯಾರು?" ಎಂದಳು. ಪುಸ್ತಕ ಮುಚ್ಚಿದಳು. "ಮನೋಲಿ, ನೀನು."

"ನನಗೆ ವಾಲುವುದು ಗೊತ್ತಿಲ್ಲ. ಇಪ್ಪತ್ತೊಂಬತ್ತು ವರ್ಷ ನಾನು ನಿಂತೇ ಇದ್ದೇನೆ."

"ಹತ್ತಿರದಿಂದ ನೋಡಿದವನು ನೀನೊಬ್ಬನೇ," ಅಂದರು ಸ್ಟೆಲಿಯೋಸ್ ಬಾಗಿಲಿಂದಲೇ. ಮನೋಲಿಸ್ ಅವರ ಕಡೆ ನೋಡಲಿಲ್ಲ.

ಎರಡನೆಯವರಾಗಿ ಕಮಾವು ಬಂದು ನಿಂತರು. ಎಲೇನಿ ಅವರ ಕೈಗೆ ಹೊಸ ಕರವಸ್ತ್ರ ಕೊಟ್ಟಳು. ಸಂಗೀತ ಶುರುವಾಯಿತು. ವಾಲುವ ಜಾಗ ಬಂದಾಗ ಮನೋಲಿಸ್ ಕಾಲೆತ್ತಿದರು, ಹಿಮ್ಮಡಿ ತಟ್ಟಿದರು, ನೆಟ್ಟಗೇ ನಿಂತರು. ಕರವಸ್ತ್ರ ಸಡಿಲವಾಗಿ ಜೋತುಬಿದ್ದಿತ್ತು.

"ಮ್ಜೇ," ಅಂದರು ಕಮಾವು. ಹಿರಿಯರನ್ನು ಅಲ್ಲಿ ಹಾಗೆ ಕರೆಯುತ್ತಾರೆ. "ಭಾರ ಬಿಡಿ. ನಾನಿದ್ದೇನೆ."

"ನೀನಿದ್ದೀಯ, ಗೊತ್ತು. ಬೆನ್ನಿಗೆ ಗೊತ್ತಿಲ್ಲ."

ನಾಲ್ಕು ಸಲ ಮಾಡಿದರು. ನಾಲ್ಕು ಸಲವೂ ಬಟ್ಟೆ ಬಿಗಿಯಲಿಲ್ಲ. ಎಲೇನಿ ಸ್ಪೀಕರು ಆರಿಸಿ, "ನಾಳೆ ನೋಡೋಣ" ಎಂದಳು. ಮನೋಲಿಸ್ ಪೋಷಾಕನ್ನು ಕಂಕುಳಲ್ಲಿ ಇರುಕಿಕೊಂಡು, ಸ್ಟೆಲಿಯೋಸರನ್ನು ದಾಟಿ ಹೊರಗೆ ಹೋದರು.

ಭಾನುವಾರ, ಹುಲ್ಲುಹಾಸು

ಹಬ್ಬ ಶಾಲೆಯ ಹುಲ್ಲುಹಾಸಿನ ಮೇಲೆ. ಮೋಡ ಕವಿದಿತ್ತು. ಒಂದು ಕಡೆ ಮೇಕೆಯ ಮಾಂಸ ಸುಡುವ ಹೊಗೆ, ಇನ್ನೊಂದು ಕಡೆ ಜೇನಿನಲ್ಲಿ ಅದ್ದಿದ ಸಿಹಿ. ಇನ್ನೂರು ಜನರಿರಬಹುದು. ಸಸ್ಯಾಹಾರಿ ಎಂದ ನನಗೆ ಒಬ್ಬ ಅಜ್ಜಿ ಮೂರು ಸಲ ಮಾಂಸ ಬಡಿಸಲು ಬಂದಳು. ಮೂರನೆಯ ಸಲ, "ಇದು ಬರೀ ಕೋಳಿ" ಎಂದು ಸಮಾಧಾನ ಹೇಳಿದಳು.

ಸ್ಟೆಲಿಯೋಸ್ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಅವರ ಸುತ್ತ ಇನ್ನೆರಡು ಕುರ್ಚಿ ಖಾಲಿ ಇದ್ದವು.

"ಮನೋಲಿಸ್ ಮಾತಾಡಿದರಾ?" ಕೇಳಿದೆ.

"ಇಲ್ಲ. ನಾವು ಗ್ರೀಕರು. ಎರಡು ವರ್ಷ ಹಿಡಿಯುತ್ತದೆ."

"ನಮ್ಮ ಕಡೆ ಮೂರು ತಲೆಮಾರು."

ಅವರು ನಗಲಿಲ್ಲ, ಆದರೆ ಕುರ್ಚಿಗೆ ಒರಗಿ ಕುಳಿತರು. ಆಪರೇಷನ್ನಿಗೆ ದಿನ ಗೊತ್ತುಮಾಡಿ ಆಗಿದೆ ಎಂದು ಹೇಳಿದರು. ಸುಮಾ ಹೇಳಿದ ಡಾಕ್ಟರ ಹತ್ತಿರವೇ.

ಸಾಲು ಬಂತು. ಮುಂದೆ ಮನೋಲಿಸ್, ಬಿಳಿ ಪೋಷಾಕಿನಲ್ಲಿ ಇನ್ನಷ್ಟು ಅಗಲವಾಗಿ. ಅವರ ಹಿಂದೆ ಕಮಾವು. ಹತ್ತನೆಯವಳು ನಮ್ಮ ಸುಮಾ. ಅವಳ ಹೆಜ್ಜೆಯ ಬಗ್ಗೆ ಅದಿತಿ ಹೇಳಿದ್ದು ನಿಜ. ಮೊದಲ ಸುತ್ತಿನಲ್ಲಿ ಮನೋಲಿಸ್ ಕಾಲೆತ್ತಿ ತಟ್ಟಿ ನೆಟ್ಟಗೆ ನಿಂತರು. ಜನ ಚಪ್ಪಾಳೆ ತಟ್ಟಿದರು. ವಾಲುವುದು ತಪ್ಪಿದೆ ಎಂದು ಅವರಿಗೆ ತಿಳಿಯಲಿಲ್ಲ. ಸ್ಟೆಲಿಯೋಸರಿಗೆ ತಿಳಿಯಿತು. ಅವರ ನಾಲಿಗೆ ಹಲ್ಲಿನ ಹಿಂದೆ ತಾಳ ಎಣಿಸುತ್ತಿತ್ತು, ಒಂದು ಎರಡು ಮೂರು, ಅದು ನಿಂತಿತು. ಎರಡನೆಯ ಸುತ್ತೂ ಹಾಗೆಯೇ.

ಮೂರನೆಯ ಸುತ್ತಿನಲ್ಲಿ ಸಾಲಿನ ತಲೆ ನಮ್ಮ ಎದುರಿಗೆ ಬಂತು. ಕಮಾವು ಏನೋ ಅಂದರು. "ಸವಾ", ಸರಿಯೇ, ಎಂದಷ್ಟೇ ಕೇಳಿಸಿತು. ಮನೋಲಿಸ್ ತಲೆಯಾಡಿಸಿದರು. ಸ್ಟೆಲಿಯೋಸ್ ಕಣ್ಣು ಮುಚ್ಚಿಕೊಂಡರು. ಮುಚ್ಚಿಕೊಂಡೇ, "ನೀವು ನೋಡಿ. ನನಗೆ ಹೇಳಿ" ಅಂದರು.

ನನಗೂ ಮುಚ್ಚಿಕೊಳ್ಳಬೇಕು ಅನ್ನಿಸಿತು. ಆ ಸದ್ದು ಕಿವಿಯೊಳಗೆ ಕಾದು ನಿಂತಿತ್ತು. ಮುಚ್ಚಿಕೊಳ್ಳಲಿಲ್ಲ.

"ಕಾಲೆತ್ತಿದರು," ಅಂದೆ. "ತಟ್ಟಿದರು. ವಾಲುತ್ತಿದ್ದಾರೆ. ಇನ್ನೂ. ಬಟ್ಟೆ ಬಿಗಿಯಿತು."

"ಹಿಡಿದಿದ್ದಾನಾ?"

ಬೆರಳುಗಳನ್ನು ಒಂದೊಂದಾಗಿ ನೋಡಿದೆ. ಮೊದಲು ಈ ತುದಿಯವು, ಆಮೇಲೆ ಆ ತುದಿಯವು.

"ಹಿಡಿದಿದ್ದಾರೆ," ಅಂದೆ. "ಇಬ್ಬರೂ."